‘ಹುಚ್ಚನಷ್ಟೇ ಬರೆಯಬಲ್ಲ ಚಿತ್ರ’: ಸ್ವಂತ ಬದುಕನ್ನು ಬರೆದ ಮುಂಕ್ ಟೀಕೆಗೆ ಕೊಟ್ಟ ಉತ್ತರಗಳು

ಸುಣ್ಣಗೆರೆ (ಚರ್ಚೆಯ ಆರಂಭ)

ಮನೆಯೊಳಗಿನ ಸಾವು, ಕಾಯಿಲೆ, ಪ್ರೇಮಭಂಗಗಳನ್ನೇ ಚಿತ್ರವಾಗಿಸಿದ ಕಲಾವಿದನನ್ನು ಟೀಕಿಸಬಹುದೆ, ಟೀಕಿಸಿದರೆ ಅವನು ಉತ್ತರ ಕೊಡಬೇಕೆ, ಕೊಡುವುದಾದರೆ ಮಾತಿನಲ್ಲಿಯೋ ಬಣ್ಣದಲ್ಲಿಯೋ ಎಂಬ ಪ್ರಶ್ನೆ ಇಲ್ಲಿ ಹಲವು ಬಾರಿ ಎದ್ದಿದೆ. ಪ್ರತಿ ಸಲವೂ ‘ಅದು ಅವರವರ ವೈಯಕ್ತಿಕ ವಿಷಯ’ ಎಂದು ಯಾರಾದರೂ ಹೇಳಿದೊಡನೆ ಚರ್ಚೆ ನಿಂತುಹೋಗಿದೆ. ಚೌಕಟ್ಟು ಹಾಕಿಸಿ, ಸಾರ್ವಜನಿಕರನ್ನು ಕರೆದು ತೋರಿಸಿದ ಮೇಲೆ ಯಾವ ವಿಷಯವೂ ಅಷ್ಟು ವೈಯಕ್ತಿಕವಾಗಿ ಉಳಿಯುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಆದರೆ ಇದನ್ನು ಗಾಳಿಯಲ್ಲಿ ವಾದಿಸುವುದಕ್ಕಿಂತ ಒಬ್ಬನೇ ಕಲಾವಿದನನ್ನು, ನಾರ್ವೆಯ ಎಡ್ವರ್ಡ್ ಮುಂಕ್‌ನನ್ನು (1863–1944), ಮುಂದಿಟ್ಟುಕೊಂಡು ನೋಡೋಣ ಎಂದು ಈ ಚರ್ಚೆಯನ್ನು ತೆರೆಯುತ್ತಿದ್ದೇನೆ.

ಮುಂಕ್‌ಗೆ ಐದು ವರ್ಷ ತುಂಬಿದ ತಿಂಗಳಲ್ಲೇ, 1868ರ ಡಿಸೆಂಬರಿನಲ್ಲಿ, ತಾಯಿ ಕ್ಷಯದಿಂದ ತೀರಿಕೊಂಡಳು. 1877ರಲ್ಲಿ ಅದೇ ರೋಗ ಅವನ ಅಕ್ಕ ಸೋಫಿಯನ್ನು ಕೊಂಡೊಯ್ದಿತು. ಅವಳಿಗೆ ಆಗ 15 ವರ್ಷ. ತಂದೆ ಸೇನೆಯ ವೈದ್ಯ, ಮಹಾ ದೈವಭೀರು; ಅವನ ಔಷಧಿಯೂ ಪ್ರಾರ್ಥನೆಯೂ ಇಬ್ಬರಲ್ಲಿ ಒಬ್ಬರನ್ನೂ ಉಳಿಸಲಿಲ್ಲ. ಆ ಅಕ್ಕನ ನೆನಪಿನಿಂದ 1885–86ರಲ್ಲಿ ಮೂಡಿದ್ದು ‘ಕಾಯಿಲೆಯ ಮಗು’. ದೊಡ್ಡ ಬಿಳಿ ದಿಂಬಿಗೆ ಒರಗಿ ಪರದೆಯ ಕಡೆಗೆ ನೋಡುತ್ತಿರುವ ಕೆಂಗೂದಲ ಹುಡುಗಿ, ಅವಳ ಪಕ್ಕದಲ್ಲಿ ಮುಖವೇ ಕಾಣದಷ್ಟು ತಲೆ ತಗ್ಗಿಸಿ ಕುಳಿತ ಹೆಂಗಸು, ಇಬ್ಬರ ಕೈಗಳು ಕೂಡುವ ಜಾಗದಲ್ಲಿ ಬೆರಳುಗಳಿಲ್ಲದ ಒಂದು ಬಣ್ಣದ ಮುದ್ದೆ. 1886ರ ಶರತ್ಕಾಲದ ಪ್ರದರ್ಶನದಲ್ಲಿ, ಇಂದು ಓಸ್ಲೊ ಎನಿಸಿಕೊಂಡಿರುವ ಕ್ರಿಸ್ಟಿಯಾನಿಯಾದಲ್ಲಿ, ಅದನ್ನು ‘ಅಧ್ಯಯನ’ ಎಂಬ ಶೀರ್ಷಿಕೆಯಲ್ಲಿ ತೂಗುಹಾಕಿದಾಗ ನೋಡಲು ಬಂದವರು ನಕ್ಕರು, ಪತ್ರಿಕೆಗಳು ಅರ್ಧಕ್ಕೆ ಬಿಟ್ಟ ಕೆಲಸ ಎಂದವು, ಜೊತೆಯ ಕಲಾವಿದರೇ ಹಳಿದರು. ನಾರ್ವೆಯಲ್ಲಿ ಇಷ್ಟು ರೋಷಕ್ಕೆ ಗುರಿಯಾದ ಚಿತ್ರ ಇನ್ನೊಂದಿಲ್ಲವೆಂದು ಮುಂಕ್ ಮುಪ್ಪಿನಲ್ಲೂ ನೆನೆದುಕೊಂಡಿದ್ದಾನೆ.

ಆ ಟೀಕೆ ಬಿದ್ದದ್ದು ಚಿತ್ರದ ಮೇಲೋ, ಚಿತ್ರದೊಳಗಿನ ಮನೆಯ ಮೇಲೋ? ಇವೆರಡರ ನಡುವಿನ ವ್ಯತ್ಯಾಸ ಮುಂಕ್‌ಗೆ ಕಂಡಿತ್ತೆ? ತಿಳಿದವರು ಬರೆಯಬೇಕು.

ಹಳೇಕುಂಚ

ಚಿತ್ರಕಲೆ ಕಲಿಸುವುದು ನನ್ನ ವೃತ್ತಿ, ಆದ್ದರಿಂದ ಮೊದಲು ಆ ನಕ್ಕವರ ಪರವಾಗಿ ನಾಲ್ಕು ಮಾತು ಹೇಳುತ್ತೇನೆ. ವಿಷಯವನ್ನು ಕಂಡು ಯಾರೂ ಬೆಚ್ಚಿಬಿದ್ದಿರಲಿಲ್ಲ. ಕಾಯಿಲೆ ಬಿದ್ದ ಮಕ್ಕಳ ಚಿತ್ರಗಳು ಆ ಕಾಲದ ನಾರ್ವೆಯಲ್ಲಿ ಎಷ್ಟು ಸಾಮಾನ್ಯವಾಗಿದ್ದವೆಂದರೆ, ಮುಂಕ್ ಸ್ವತಃ ಆ ಅವಧಿಯನ್ನು ದಿಂಬಿನ ಕಾಲ ಎಂದು ಕರೆದಿದ್ದಾನೆ. ಅವನ ಗುರುಸ್ಥಾನದಲ್ಲಿದ್ದ ಕ್ರಿಶ್ಚಿಯನ್ ಕ್ರೋಗ್ 1881ರ ಹೊತ್ತಿಗೇ ‘ಕಾಯಿಲೆಯ ಹುಡುಗಿ’ಯನ್ನು ಬರೆದಿದ್ದ, ಅದರಲ್ಲಿ ಹುಡುಗಿ ನೇರವಾಗಿ ನಮ್ಮನ್ನೇ ನೋಡುತ್ತಾಳೆ, ಕೈಯಲ್ಲಿ ದಳ ಉದುರುತ್ತಿರುವ ಗುಲಾಬಿ ಇದೆ, ಹೊದಿಕೆಯ ನೂಲನ್ನು ಎಣಿಸಬಹುದೇನೋ ಎಂಬಷ್ಟು ನಯವಾಗಿ ಬಣ್ಣ ಕೂತಿದೆ. ಅದನ್ನು ನೋಡಿ ಪಳಗಿದ ಕಣ್ಣಿಗೆ ಮುಂಕ್‌ನ ಕ್ಯಾನ್‌ವಾಸು ಗೀಚಿ ಹಾಳುಮಾಡಿದ ಹಲಗೆಯಂತೆ ಕಂಡಿದ್ದರೆ ಅದು ಅವರ ದುಷ್ಟತನವಲ್ಲ.

ಗೀಚಿದ್ದಂತೂ ನಿಜ. ಅವನೇ ಬರೆದುಕೊಂಡಿರುವಂತೆ, ಒಂದು ವರ್ಷದ ಅವಧಿಯಲ್ಲಿ ಆ ಚಿತ್ರವನ್ನು 20 ಬಾರಿ ತಿದ್ದಿದ, ಕೆರೆದು ತೆಗೆದ, ಟರ್ಪೆಂಟೈನ್ ಸುರಿದು ಬಣ್ಣವನ್ನು ಇಳಿಬಿಟ್ಟ, ಮತ್ತೆ ಬಳಿದ. ಮಾದರಿಯಾಗಿ ಕೂತದ್ದು ಬೆಟ್ಸಿ ನೀಲ್ಸನ್ ಎಂಬ ಹುಡುಗಿ. ತಲೆ ತಗ್ಗಿಸಿ ಕೂತವಳು ತಾಯಿ ಸತ್ತ ಮೇಲೆ ಮಕ್ಕಳನ್ನು ಸಾಕಿದ ಚಿಕ್ಕಮ್ಮ ಕಾರೆನ್. ಎದುರಿಗೆ ಜೀವಂತ ಮಾದರಿ ಇದ್ದರೂ ಅವನು ಹಿಡಿಯಹೊರಟಿದ್ದು ಎಂಟು ವರ್ಷ ಹಿಂದಿನ ನೋಟವನ್ನು. ಕೆಲಸದ ನಡುವೆ ತನ್ನ ರೆಪ್ಪೆಗೂದಲ ನೆರಳೂ ದೃಶ್ಯದ ಭಾಗವಾಗಿದೆಯೆಂದು ಅವನಿಗೆ ಅನ್ನಿಸಿ, ಅದನ್ನೂ ಚಿತ್ರದ ಮೇಲೆ ಅಡ್ಡಾದಿಡ್ಡಿ ಗೆರೆಗಳಾಗಿ ಎಳೆದಿದ್ದ. ಅಳುತ್ತಿರುವ ಕಣ್ಣಿನ ಮೂಲಕ ನೋಡಿದವರಿಗೆ ಆ ಗೆರೆಗಳು ಏನೆಂದು ಹೇಳಿಕೊಡಬೇಕಾಗಿಲ್ಲ. ಆದರೆ ಪ್ರದರ್ಶನಕ್ಕೆ ಬಂದವರು ಒಣಗಿದ ಕಣ್ಣಿನಿಂದ ಬಂದಿರುತ್ತಾರೆ, ಹಾಗೆ ಬರಲು ಅವರಿಗೆ ಹಕ್ಕೂ ಇದೆ.

ಇರುವಂತಿಗೆ

ಹಳೇಕುಂಚ ಅವರ ವಿವರಣೆ ಚೆನ್ನಾಗಿದೆ. ಆದರೆ ಮುಂಕ್ ಬಾಯಿಬಿಟ್ಟು ಕೊಟ್ಟ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ. ದಿಂಬಿನ ಕಾಲದ ಉಳಿದ ಕಲಾವಿದರ ಜೊತೆ ತನ್ನನ್ನು ಸೇರಿಸಬಾರದು, ಅವರಲ್ಲಿ ಯಾರೂ ತನ್ನ ಹಾಗೆ ವಿಷಯವನ್ನು ಕೊನೆಯ ಚೀತ್ಕಾರದವರೆಗೆ ಬದುಕಿದವರಲ್ಲ, ಚಿತ್ರದ ಹುಡುಗಿ ಒರಗಿದ ಆ ಕುರ್ಚಿಯಲ್ಲಿ ಕೂತದ್ದು ತಾನೊಬ್ಬನೇ ಅಲ್ಲ, ತನ್ನವರೆಲ್ಲರೂ ಎಂಬ ಅರ್ಥದಲ್ಲಿ ಅವನು ಬರೆದಿದ್ದಾನೆ. ಇದು ದುಃಖದ ಮಾತು, ಗೌರವಿಸುತ್ತೇನೆ; ಆದರೆ ಇದು ಉತ್ತರವಲ್ಲ. ನಾನು ಹೆಚ್ಚು ನೊಂದಿದ್ದೇನೆ, ಆದ್ದರಿಂದ ನನ್ನ ಚಿತ್ರ ಹೆಚ್ಚು ಸತ್ಯ ಎಂದರೆ ವಿಮರ್ಶಕ ಇನ್ನೇನು ಹೇಳಬೇಕು? ಬಾಯಿ ಮುಚ್ಚಿಕೊಂಡು ಸಂತಾಪ ಸೂಚಿಸಿ ಹೊರಡಬೇಕಷ್ಟೆ.

ಇನ್ನೊಂದು ಅನ್ಯಾಯವೂ ಅದರಲ್ಲಿದೆ. ಕ್ರೋಗ್ ಕೂಡ ಸಹೋದರಿಯನ್ನು ಕ್ಷಯಕ್ಕೆ ಕಳೆದುಕೊಂಡವನೇ. ಹಾಗಿದ್ದರೆ ಅವನ ನಯವಾದ ಬಣ್ಣದಲ್ಲಿ ನೋವಿಲ್ಲವೆ? ನೋವಿನ ಅಳತೆಗೋಲು ಹಿಡಿದರೆ ಇಬ್ಬರ ಚಿತ್ರಗಳ ವ್ಯತ್ಯಾಸ ಅಳಿಸಿಹೋಗುತ್ತದೆ, ಮುಂಕ್‌ಗೆ ಬೇಕಾಗಿದ್ದ ವ್ಯತ್ಯಾಸವೇ ಅದು. ಅಂದಹಾಗೆ, ‘ಕಾಯಿಲೆಯ ಮಗು’ ಚಿತ್ರವನ್ನು ಮುಂಕ್ ಕ್ರೋಗ್‌ಗೇ ಕಾಣಿಕೆಯಾಗಿ ಕೊಟ್ಟ, ಕ್ರೋಗ್ ಅದನ್ನು ಮೆಚ್ಚಿ ಇಟ್ಟುಕೊಂಡ. ಬರಹದಲ್ಲಿ ಬೇರ್ಪಡಿಸಿಕೊಂಡವನನ್ನೇ ಬದುಕಿನಲ್ಲಿ ಹತ್ತಿರ ಇಟ್ಟುಕೊಂಡಿದ್ದ ಎಂದಾಯಿತು.

ಸುಣ್ಣಗೆರೆ

ಇರುವಂತಿಗೆಯವರ ಆಕ್ಷೇಪ ಸರಿಯಾದದ್ದು. ಹೆಚ್ಚು ನೊಂದವನ ಚಿತ್ರವೇ ಹೆಚ್ಚು ಒಳ್ಳೆಯದು ಎಂಬ ವಾದವನ್ನು ಯಾರು ಮಾಡಿದರೂ ನಾನು ಒಪ್ಪುವುದಿಲ್ಲ, ಮುಂಕ್ ಮಾಡಿದರೂ. ಆದರೆ ಆ ಮಾತುಗಳನ್ನು ಅವನು ಬರೆದದ್ದು ಬಹಳ ತಡವಾಗಿ, 65 ದಾಟಿದ ವಯಸ್ಸಿನ ಸುಮಾರಿಗೆ. ಅದಕ್ಕೂ ಮೊದಲಿನ ನಾಲ್ಕು ದಶಕಗಳಲ್ಲಿ ಅವನು ಕೊಟ್ಟ ಉತ್ತರ ಬೇರೆಯೇ ಇದೆ, ಮತ್ತು ನನ್ನ ಮಟ್ಟಿಗೆ ಅದೇ ನಿಜವಾದ ಉತ್ತರ.

ಮೊದಲು 1889ರ ‘ವಸಂತ’ವನ್ನು ನೋಡಿ. ಅದೇ ಹುಡುಗಿ, ಅದೇ ದಿಂಬು, ಪಕ್ಕದಲ್ಲಿ ಅದೇ ಆರೈಕೆ. ಆದರೆ ಕಿಟಕಿಯ ಪರದೆ ಗಾಳಿಗೆ ಉಬ್ಬಿದೆ, ಹೂಕುಂಡಗಳ ಮೇಲೆ ಬಿಸಿಲು ಬಿದ್ದಿದೆ, ಪ್ರತಿಯೊಂದು ವಸ್ತುವೂ ಶಾಲೆಯ ಪಾಠದಂತೆ ಅಚ್ಚುಕಟ್ಟಾಗಿ ಕೂತಿದೆ. ನನಗೆ ಬರೆಯಲು ಬರುವುದಿಲ್ಲ ಎಂದಿರಲ್ಲ, ಇಗೋ ನೋಡಿ ಎಂದು ಹೇಳಿದ ಹಾಗಿದೆ. ಆ ವರ್ಷ ಅವನಿಗೆ ಸರ್ಕಾರದ ವಿದ್ಯಾರ್ಥಿವೇತನವೂ ಸಿಕ್ಕಿತು, ಪ್ಯಾರಿಸ್ಸಿಗೆ ಹೋದ. ಟೀಕೆಗೆ ತಲೆಬಾಗಿದ ಚಿತ್ರ ಎಂದು ಕೆಲವರು ಇದನ್ನು ತಳ್ಳಿಹಾಕುತ್ತಾರೆ. ನನಗೆ ಹಾಗೆ ಕಾಣುವುದಿಲ್ಲ. ವಿರೋಧಿಯ ಆಯುಧವನ್ನು ಒಮ್ಮೆ ಕೈಯಲ್ಲಿ ಹಿಡಿದು, ಅದರ ತೂಕ ನೋಡಿ, ಕೆಳಗಿಟ್ಟವನ ಕೆಲಸ ಇದು. ಅಂಥ ಚಿತ್ರವನ್ನು ಅವನು ಮತ್ತೆ ಬರೆಯಲೇ ಇಲ್ಲ.

ಎರಡನೆಯದಾಗಿ, ಬೈಸಿಕೊಂಡ ಚಿತ್ರವನ್ನು ಅವನು ಕೈಬಿಡಲಿಲ್ಲ. ‘ಕಾಯಿಲೆಯ ಮಗು’ವಿನ ಆರು ವರ್ಣಚಿತ್ರಗಳಿವೆ: ಮೊದಲನೆಯದು ಓಸ್ಲೊದ ರಾಷ್ಟ್ರೀಯ ಮ್ಯೂಸಿಯಂನಲ್ಲಿದೆ, 1896ರದ್ದು ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ, 1907ರ ಎರಡರಲ್ಲಿ ಒಂದು ಸ್ಟಾಕ್‌ಹೋಮ್‌ನಲ್ಲಿ, ಇನ್ನೊಂದು ಲಂಡನ್ನಿನ ಟೇಟ್‌ನಲ್ಲಿ, ಕೊನೆಯ ಎರಡು 1920ರ ದಶಕದವು. ಜೊತೆಗೆ ತಾಮ್ರದ ತಗಡಿನ ಮೇಲೆ ಗೀರಿದ ಮುದ್ರಣ, ತಲೆಯಷ್ಟನ್ನೇ ತೋರಿಸುವ ಬಣ್ಣದ ಕಲ್ಲಚ್ಚು. ಟೇಟ್‌ನಲ್ಲಿರುವುದು ಮೊದಲು ಡ್ರೆಸ್ಡನ್ ಗ್ಯಾಲರಿಯಲ್ಲಿತ್ತು. ನಾಜಿ ಸರ್ಕಾರ 1937ರಲ್ಲಿ ಜರ್ಮನಿಯ ಮ್ಯೂಸಿಯಂಗಳಿಂದ ಮುಂಕ್‌ನ 82 ಕೃತಿಗಳನ್ನು ‘ಕೊಳೆತ ಕಲೆ’ ಎಂದು ಕಿತ್ತುಹಾಕಿದಾಗ ಹೊರಬಿದ್ದು, 1939ರಲ್ಲಿ ಲಂಡನ್ ಸೇರಿತು. ಒಂದು ಮನೆಯ ದುಃಖವನ್ನು ನೋಡಿ 1886ರಲ್ಲಿ ಜನ ನಕ್ಕರು, ಅರ್ಧ ಶತಮಾನದ ನಂತರ ಒಂದು ಸರ್ಕಾರವೇ ಅದಕ್ಕೆ ಹೆದರಿತು.

ತೆಂಕಣಗಾಳಿ

ಎಲ್ಲರೂ ಬಹಳ ಗಂಭೀರವಾಗಿದ್ದೀರಿ, ನಾನು ಸ್ವಲ್ಪ ಅಪಸ್ವರ ಹಾಡುತ್ತೇನೆ. ಟೀಕೆಯಿಂದ ಮುಂಕ್‌ಗೆ ಲಾಭವೂ ಆಗಿದೆ. 1892ರ ನವೆಂಬರಿನಲ್ಲಿ ಬರ್ಲಿನ್ನಿನ ಕಲಾವಿದರ ಸಂಘ ಅವನನ್ನು ಕರೆಸಿ 55 ಚಿತ್ರಗಳ ಪ್ರದರ್ಶನ ಏರ್ಪಡಿಸಿತು. ಹಿರಿಯ ಸದಸ್ಯರು ಚಿತ್ರಗಳನ್ನು ಕಂಡು ಕೆರಳಿ, ಮತ ಹಾಕಿಸಿ, 120ಕ್ಕೆ 105ರ ಅಂತರದಲ್ಲಿ ಗೆದ್ದು, ಒಂದು ವಾರದೊಳಗೆ ಬಾಗಿಲು ಮುಚ್ಚಿಸಿದರು. ಮುಂಕ್ ಅತ್ತನೆ? ಇದಕ್ಕಿಂತ ಒಳ್ಳೆಯ ಪ್ರಚಾರ ಸಿಗಲಾರದು ಎಂಬ ಧಾಟಿಯಲ್ಲಿ ಚಿಕ್ಕಮ್ಮನಿಗೆ ಖುಷಿಯಿಂದ ಕಾಗದ ಬರೆದ. ಅದೇ ಚಿತ್ರಗಳನ್ನು ಡ್ಯುಸೆಲ್‌ಡಾರ್ಫ್, ಕೊಲೋನ್ ನಗರಗಳಿಗೆ ಒಯ್ದು, ಮತ್ತೆ ಬರ್ಲಿನ್ನಿಗೇ ತಂದು, ಟಿಕೆಟ್ ಇಟ್ಟು ತೋರಿಸಿದ. ಬೈಗುಳವನ್ನು ಬಂಡವಾಳ ಮಾಡಿಕೊಂಡವನಿಗೆ ನಾವು ಮರುಗುವುದು ಎಷ್ಟರ ಮಟ್ಟಿಗೆ ಸರಿ?

ಹಳೇಕುಂಚ

ತೆಂಕಣಗಾಳಿಯವರೇ, ಟಿಕೆಟ್ ಇಟ್ಟದ್ದರಲ್ಲಿ ತಪ್ಪೇನಿದೆ? ಆ ವರ್ಷಗಳಲ್ಲಿ ಚಿತ್ರಗಳು ಮಾರಾಟವಾಗುತ್ತಿದ್ದುದೇ ಅಪರೂಪ, ಪ್ರವೇಶಧನವೇ ಹೊಟ್ಟೆಗೆ ಆಧಾರವಾಗಿತ್ತು. ಆ ಬಾಗಿಲು ಮುಚ್ಚಿದ ಪ್ರಕರಣ ಸಂಘದೊಳಗೇ ಬಿರುಕು ತಂದಿತು, ಅಸಮಾಧಾನಗೊಂಡವರು 1898ರಲ್ಲಿ ಬೇರೆ ಸಂಘಟನೆಯನ್ನೇ ಕಟ್ಟಿಕೊಂಡರು. ಕೆಲವೊಮ್ಮೆ ಟೀಕೆಗೆ ಉತ್ತರವನ್ನು ಕಲಾವಿದನಲ್ಲ, ಟೀಕಿಸಿದವರ ಸಂಘದ ಇನ್ನೊಂದು ಅರ್ಧ ಕೊಡುತ್ತದೆ.

ನಾಡಿಮಿಡಿತ

ನಾನು ವೈದ್ಯೆ. ಈ ಚರ್ಚೆಯಲ್ಲಿ 1895ರ ಪ್ರಸಂಗ ಬರದಿದ್ದರೆ ವಿಷಯದ ಮುಖ್ಯ ಭಾಗವೇ ಬಿಟ್ಟುಹೋಗುತ್ತದೆ, ಏಕೆಂದರೆ ಟೀಕೆ ಚಿತ್ರವನ್ನು ಬಿಟ್ಟು ಮನುಷ್ಯನ ಮೇಲೆ ಹೊರಳಿದ್ದು ಆಗಲೇ. ಆ ವರ್ಷ ಕ್ರಿಸ್ಟಿಯಾನಿಯಾದ ಬ್ಲೂಮ್‌ಕ್ವಿಸ್ಟ್ ಗ್ಯಾಲರಿಯಲ್ಲಿ ಮುಂಕ್‌ನ ಪ್ರದರ್ಶನ ನಡೆಯಿತು. ನಾಟಕಕಾರ ಇಬ್ಸನ್ ಬಂದು ನೋಡಿ, ನನಗಾದದ್ದೇ ನಿನಗೂ ಆಗುತ್ತದೆ, ಶತ್ರುಗಳು ಹೆಚ್ಚಿದಷ್ಟೂ ಮಿತ್ರರು ಹೆಚ್ಚುತ್ತಾರೆ ಎಂದು ಧೈರ್ಯ ಹೇಳಿದ್ದನ್ನು ಮುಂಕ್ ನೆನೆದಿದ್ದಾನೆ. ಆದರೆ ವಿದ್ಯಾರ್ಥಿ ಸಂಘದ ಚರ್ಚೆಯಲ್ಲಿ ಯೋಹಾನ್ ಶಾರ್ಫೆನ್‌ಬರ್ಗ್ ಎಂಬ ವೈದ್ಯಕೀಯ ವಿದ್ಯಾರ್ಥಿ ಎದ್ದುನಿಂತು, ಮುಂಕ್ ರೋಗಗ್ರಸ್ತ ವಂಶದವನು, ಅವನ ಮನಸ್ಸು ಸ್ವಸ್ಥವಲ್ಲ, ಆದ್ದರಿಂದ ಅವನ ಕಲೆಯೂ ಅಸ್ವಸ್ಥ ಎಂದು ವಾದಿಸಿದ. ಕಲೆಯಲ್ಲಿ ‘ಅವನತಿ’ಯ ಲಕ್ಷಣ ಹುಡುಕುವುದು ಅಂದಿನ ಯುರೋಪಿನ ವೈದ್ಯರಿಗೆ ಅಂಟಿದ್ದ ಚಟ. ಮುಂಕ್‌ನ ತಂಗಿ ಲೌರಾ ನಿಜವಾಗಿಯೂ ಮಾನಸಿಕ ಕಾಯಿಲೆಯಿಂದ ಆಸ್ಪತ್ರೆಯಲ್ಲಿ ದಿನ ಕಳೆಯುತ್ತಿದ್ದಳು, ತಮ್ಮ ಆಂಡ್ರಿಯಾಸ್ ಅದೇ 1895ರಲ್ಲಿ ನ್ಯುಮೋನಿಯಾದಿಂದ ಸತ್ತ. ಮನೆಯವರ ಕಾಯಿಲೆಯನ್ನು ಚಿತ್ರವಾಗಿ ತೋರಿಸಿದವನಿಗೆ, ಆ ಕಾಯಿಲೆಯನ್ನೇ ರೋಗಪತ್ರ ಮಾಡಿ ತಿರುಗಿ ಕೈಗಿಟ್ಟರು. ನನ್ನ ವೃತ್ತಿಯವರು ಮಾಡಿದ ಕೆಲಸವೆಂದು ಇದನ್ನು ಸಂಕೋಚದಿಂದಲೇ ಬರೆಯುತ್ತಿದ್ದೇನೆ. ಮುಂಕ್ ಆ ಮಾತನ್ನು ಮುಂದೆ ದಶಕಗಳ ಕಾಲ ಮರೆಯಲಿಲ್ಲ.

ಇದಕ್ಕೆ ಅವನು ಕೊಟ್ಟ ಉತ್ತರ ವಿಚಿತ್ರವಾದದ್ದು. 1893ರ ‘ಚೀತ್ಕಾರ’ ಚಿತ್ರದ ಎಡ ಮೇಲ್ಮೂಲೆಯಲ್ಲಿ, ಕೆಂಪು ಆಕಾಶದ ಗೆರೆಗಳ ನಡುವೆ, ಪೆನ್ಸಿಲಿನಲ್ಲಿ ಬಹಳ ಸಣ್ಣದಾಗಿ ಒಂದು ವಾಕ್ಯವಿದೆ: ಇದನ್ನು ಹುಚ್ಚನಷ್ಟೇ ಬರೆದಿರಲು ಸಾಧ್ಯ. 1904ರಲ್ಲಿ ಕೋಪನ್‌ಹೇಗನ್ನಿನ ಪ್ರದರ್ಶನದಲ್ಲಿ ಅದನ್ನು ಗಮನಿಸಿದ ವಿಮರ್ಶಕ, ಯಾರೋ ಸಿಟ್ಟಿಗೆದ್ದ ನೋಡುಗ ಗೀಚಿರಬೇಕೆಂದು ಭಾವಿಸಿದ. 2021ರಲ್ಲಿ ನಾರ್ವೆಯ ರಾಷ್ಟ್ರೀಯ ಮ್ಯೂಸಿಯಂನವರು ಅತಿಗೆಂಪು ಛಾಯಾಗ್ರಹಣದಿಂದ ಅಕ್ಷರಗಳನ್ನು ಸ್ಪಷ್ಟಪಡಿಸಿಕೊಂಡು, ಮುಂಕ್‌ನ ದಿನಚರಿ ಮತ್ತು ಕಾಗದಗಳ ಕೈಬರಹದ ಜೊತೆ ಹೋಲಿಸಿ, ಅದು ಅವನದೇ ಬರಹವೆಂದು ತಿಳಿಸಿದರು. ಬರೆದದ್ದು ಚಿತ್ರ ಒಣಗಿದ ಮೇಲೆ, ಬಹುಶಃ ಆ 1895ರ ಚರ್ಚೆಯ ನಂತರ. ಅಲ್ಲಿರುವುದು ವ್ಯಂಗ್ಯವೋ ಗಾಯವೋ ಎಂದು ಕೇಳಿದರೆ, ಎರಡನ್ನೂ ಬಿಡಿಸಿ ನೋಡಲು ನನಗೆ ಸಾಧ್ಯವಾಗಿಲ್ಲ. ವಿಮರ್ಶಕನ ತೀರ್ಪನ್ನು ಅಳಿಸದೆ, ವಾದಿಸದೆ, ಚಿತ್ರದೊಳಕ್ಕೇ ಒಂದು ಮೂಲೆ ಕೊಟ್ಟು ಕೂರಿಸಿದ್ದಾನೆ.

ಒಂದು ವಿಷಯದಲ್ಲಿ ಮಾತ್ರ ನಾನು ಮುಂಕ್‌ನ ಜೊತೆ ಜಗಳವಾಡುತ್ತೇನೆ. ತನ್ನ ಸಂಕಟಗಳು ತನ್ನಿಂದ ಬೇರೆಯಲ್ಲ, ಅವನ್ನು ಗುಣಪಡಿಸಿದರೆ ತನ್ನ ಕಲೆಯೇ ನಾಶವಾದೀತು ಎಂಬರ್ಥದ ಮಾತನ್ನು ಅವನು ಬರೆದಿದ್ದಾನೆ, ಇಂದಿಗೂ ಜನ ಅದನ್ನು ಭಕ್ತಿಯಿಂದ ಉದ್ಧರಿಸುತ್ತಾರೆ. ಆದರೆ 1908ರಲ್ಲಿ ಕುಡಿತ ಮತ್ತು ಭ್ರಮೆಗಳಿಂದ ಕುಸಿದು ಕೋಪನ್‌ಹೇಗನ್ನಿನಲ್ಲಿ ಡಾ. ಡೇನಿಯಲ್ ಯಾಕೋಬ್ಸನ್‌ರ ಚಿಕಿತ್ಸಾಲಯ ಸೇರಿದ ಅವನು ಎಂಟು ತಿಂಗಳಲ್ಲಿ ಚೇತರಿಸಿಕೊಂಡು ಹೊರಬಂದ, ಆಮೇಲೆ 35 ವರ್ಷ ಚಿತ್ರ ಬರೆದ, ವಿಶ್ವವಿದ್ಯಾಲಯದ ಸಭಾಂಗಣದ ಗೋಡೆಗೆ ಆ ಬೃಹತ್ ‘ಸೂರ್ಯ’ನನ್ನು ಬರೆದ. ಆ ಮಾತನ್ನು ನಂಬಿ ಔಷಧಿ ನಿಲ್ಲಿಸುವವರಿದ್ದಾರೆ, ಅದಕ್ಕಾಗಿ ಹೇಳಿದೆ.

ತೆಂಕಣಗಾಳಿ

ಪೆನ್ಸಿಲ್ ಬರಹದ ವಿಷಯ ನನಗೆ ಗೊತ್ತಿರಲಿಲ್ಲ. ಅಪಸ್ವರ ಅರ್ಧ ಹಿಂತೆಗೆದುಕೊಂಡಿದ್ದೇನೆ. ನಮ್ಮ ದೇಶದಲ್ಲಿ ಹೀಗೆ ಚಿತ್ರದೊಳಗೇ ಉತ್ತರ ಕೊಟ್ಟವರು ಇದ್ದಾರೆಯೆ?

ಹಳೇಕುಂಚ

ನನಗೆ ಥಟ್ಟನೆ ನೆನಪಾಗುವುದು ಭೂಪೇನ್ ಖಖ್ಖರ್ (1934–2003). ಬರೋಡಾದಲ್ಲಿ ಲೆಕ್ಕಪರಿಶೋಧಕರಾಗಿ ಹೊಟ್ಟೆ ಹೊರೆದುಕೊಂಡು ಚಿತ್ರ ಬರೆದವರು. ತಮ್ಮ ಸಲಿಂಗಾಸಕ್ತಿಯನ್ನು ಮುಚ್ಚಿಡದೆ ಬದುಕಲು ನಿರ್ಧರಿಸಿದ ಹೊತ್ತಿನಲ್ಲಿ, 1981ರಲ್ಲಿ, ‘ಎಲ್ಲರನ್ನೂ ಮೆಚ್ಚಿಸಲಾಗದು’ ಎಂಬ ಹೆಸರಿನ ಚಿತ್ರ ಬರೆದರು: ಬಾಲ್ಕನಿಯಲ್ಲಿ ಬೆತ್ತಲೆ ನಿಂತ ಮನುಷ್ಯ, ಅದು ಅವರೇ, ಕೆಳಗೆ ಬೀದಿಯಲ್ಲಿ ನಾವೆಲ್ಲ ಚಿಕ್ಕಂದಿನಲ್ಲಿ ಓದಿದ ಅಪ್ಪ, ಮಗ, ಕತ್ತೆಯ ಕಥೆ ನಡೆಯುವುದನ್ನು ನೋಡುತ್ತಿದ್ದಾನೆ. ಟೀಕೆ ಬರುವ ಮೊದಲೇ ಬರೆದಿಟ್ಟ ಉತ್ತರ ಅದು. 2016ರಲ್ಲಿ ಲಂಡನ್ನಿನಲ್ಲಿ ಅವರ ಸಿಂಹಾವಲೋಕನ ಪ್ರದರ್ಶನ ನಡೆದಾಗ ಬ್ರಿಟಿಷ್ ವಿಮರ್ಶಕನೊಬ್ಬ ಬಹಳ ಕಟುವಾಗಿ ಬರೆದ. ಖಖ್ಖರ್ ತೀರಿಕೊಂಡು 13 ವರ್ಷವಾಗಿತ್ತು, ಆದರೂ ಪ್ರದರ್ಶನದ ಬಾಗಿಲಲ್ಲೇ ಅವರ ಉತ್ತರ ಶೀರ್ಷಿಕೆಯಾಗಿ ನಿಂತಿತ್ತು. ಇಷ್ಟು ಸಾಕು, ಮುಂಕ್‌ಗೆ ಹಿಂತಿರುಗೋಣ.

ಇರುವಂತಿಗೆ

ಇಲ್ಲಿಯವರೆಗೆ ನಾವು ಮಾತಾಡಿದ್ದು ಸತ್ತವರ ಚಿತ್ರಗಳ ಬಗ್ಗೆ. ಬದುಕಿದ್ದವರನ್ನೂ ಅವನು ಎಳೆದುತಂದಿದ್ದಾನೆ, ಅವರ ಕಡೆಯಿಂದ ಯಾರೂ ಕೇಳುತ್ತಿಲ್ಲವಲ್ಲ! 1895ರ ‘ಮತ್ಸರ’ದಲ್ಲಿ ಮುಂದೆ ನಿಂತ ಪೇಲವ ಮುಖ ಪೋಲೆಂಡಿನ ಲೇಖಕ ಪ್ರ್ಝಿಬಿಶೆವ್‌ಸ್ಕಿಯದು ಎಂದು ಬರ್ಲಿನ್ನಿನ ಗೆಳೆಯರಿಗೆಲ್ಲ ಗೊತ್ತಾಗುತ್ತಿತ್ತು, ಹಿಂದೆ ಸೇಬಿನ ಮರದ ಕೆಳಗೆ ನಿಲುವಂಗಿ ತೆರೆದು ಇನ್ನೊಬ್ಬನ ಜೊತೆ ನಿಂತವಳಲ್ಲಿ ಅವನ ಹೆಂಡತಿ ಡಾಗ್ನಿ ಯುಲ್‌ಳ ಹೋಲಿಕೆ ಇದೆ. 1901ರಲ್ಲಿ ಡಾಗ್ನಿ ಟಿಬಿಲಿಸಿಯಲ್ಲಿ ಗುಂಡೇಟಿಗೆ ಬಲಿಯಾಗಿ ಪತ್ರಿಕೆಗಳು ಅವಳ ನಡತೆಯ ಬಗ್ಗೆ ಬಾಯಿಗೆ ಬಂದಂತೆ ಬರೆದಾಗ ಮುಂಕ್ ಅವಳ ಪರವಾಗಿ ಮಾತನಾಡಿದ, ಅದು ಅವನ ದೊಡ್ಡತನ. ಆದರೆ ಅವನ ಪ್ರೇಯಸಿ ಟುಲ್ಲಾ ಲಾರ್ಸನ್‌ಳ ವಿಷಯದಲ್ಲಿ ಆ ದೊಡ್ಡತನ ಎಲ್ಲಿ ಹೋಯಿತು? 1902ರಲ್ಲಿ ಇಬ್ಬರ ಜಗಳದ ನಡುವೆ ಪಿಸ್ತೂಲು ಸಿಡಿದು ಅವನ ಎಡಗೈಯ ಬೆರಳಿಗೆ ಗಾಯವಾಯಿತು. ಆ ಬೆರಳಿಗಾಗಿ ಅವನು ಅವಳನ್ನು ವರ್ಷಗಟ್ಟಲೆ ಕ್ಯಾನ್‌ವಾಸಿನ ಮೇಲೆ ಶಿಕ್ಷಿಸಿದ. ಆ ಚಿತ್ರಗಳನ್ನು ಬರೆಯುವ ಹೊತ್ತಿಗೆ ಅವಳಿಗೆ ಬೇರೆ ಮದುವೆಯೂ ಆಗಿತ್ತು.

ಸುಣ್ಣಗೆರೆ

ಈ ಪ್ರಶ್ನೆಗೆ ಹೋಗುವ ಮೊದಲು 1893ರ ‘ರೋಗಿಯ ಕೋಣೆಯಲ್ಲಿ ಸಾವು’ ಚಿತ್ರವನ್ನು ಮುಂದಿಡಬೇಕು. ಸೋಫಿ ಸತ್ತ ದಿನದ ಚಿತ್ರ ಅದು. ಆದರೆ ಸೋಫಿ ಕಾಣುವುದಿಲ್ಲ. ಕುರ್ಚಿ ನಮಗೆ ಬೆನ್ನು ಹಾಕಿದೆ. ಕೋಣೆಯಲ್ಲಿರುವ ತಂಗಿಯರು, ತಮ್ಮ, ಮುಂಕ್ ಎಲ್ಲರೂ 1877ರ ಮಕ್ಕಳಲ್ಲ, ಚಿತ್ರ ಬರೆದ ವರ್ಷದ ವಯಸ್ಸಿಗೆ ಬೆಳೆದವರು. 16 ವರ್ಷ ಹಿಂದಿನ ಕೋಣೆಯಲ್ಲಿ ಇಂದಿನ ಮುಖಗಳನ್ನು ನಿಲ್ಲಿಸಿ, ಒಬ್ಬರ ಕಣ್ಣು ಇನ್ನೊಬ್ಬರನ್ನು ಸಂಧಿಸದಂತೆ ಮಾಡಿದ್ದಾನೆ. ಕಾಣುತ್ತಿರುವುದನ್ನಲ್ಲ, ಕಂಡದ್ದನ್ನು ಬರೆಯುತ್ತೇನೆ ಎಂದವನು ಅವನು. ಹಾಗೆ ಬರೆದಾಗ ಅವನು ತನ್ನವರನ್ನು ಪ್ರದರ್ಶನಕ್ಕಿಟ್ಟಂತೆ ನನಗೆ ಅನ್ನಿಸುವುದಿಲ್ಲ, ಏಕೆಂದರೆ ತನ್ನನ್ನೂ ಅವರಷ್ಟೇ ದಿಕ್ಕು ತೋಚದವನನ್ನಾಗಿ, ಅವರಷ್ಟೇ ದೂರದಲ್ಲಿ ನಿಲ್ಲಿಸಿಕೊಂಡಿದ್ದಾನೆ. ಇಲ್ಲಿ ಯಾರೂ ಯಾರ ಮೇಲೂ ದೂರು ಹೇಳುತ್ತಿಲ್ಲ.

ಟುಲ್ಲಾಳ ಚಿತ್ರಗಳಲ್ಲಿ ಈ ಸಮದೂರ ಇಲ್ಲ, ಇರುವಂತಿಗೆಯವರ ಮಾತು ಅಲ್ಲಿ ಪೂರ್ತಿ ಸಲ್ಲುತ್ತದೆ. 1907ರ ‘ಮರಾನ ಸಾವು’ ನೋಡಿ; ಮರಾ ಎಂದರೆ ಒಬ್ಬ ಹೆಂಗಸಿನ ಕೈಯಲ್ಲಿ ಕೊಲೆಯಾದ ಫ್ರೆಂಚ್ ಕ್ರಾಂತಿಯ ನಾಯಕ. ಹಾಸಿಗೆಯ ಮೇಲೆ ರಕ್ತಸಿಕ್ತನಾಗಿ ಬಿದ್ದ ಬೆತ್ತಲೆ ಗಂಡಸು, ಮುಂದೆ ನೆಟ್ಟಗೆ ನಿಂತ ಬೆತ್ತಲೆ ಹೆಂಗಸು. ಬೆರಳಿಗಾದ ಗಾಯ ಕೊಲೆಯಾಗಿದೆ, ಜಗಳವಾಡಿದ ಪ್ರೇಯಸಿ ಫ್ರೆಂಚ್ ಕ್ರಾಂತಿಯ ಕಾಲದ ಹಂತಕಿಯಾಗಿದ್ದಾಳೆ, ತಾನು ಹುತಾತ್ಮನಾಗಿದ್ದಾನೆ. ಒಂದು ಆವೃತ್ತಿಯಲ್ಲಿ ಅಗಲವಾದ ಅಡ್ಡ ಮತ್ತು ಉದ್ದ ಕುಂಚದ ಹೊಡೆತಗಳಿಂದಲೇ ಇಡೀ ಮೈಯನ್ನು ಕಟ್ಟಿದ ರೀತಿ ಅದ್ಭುತವಾಗಿದೆ, ಅದನ್ನು ಹಳೇಕುಂಚ ಅವರು ನನಗಿಂತ ಚೆನ್ನಾಗಿ ವಿವರಿಸಬಲ್ಲರು. ಆದರೆ ಆ ಶೀರ್ಷಿಕೆ ಒಂದು ತೀರ್ಪು, ಅದನ್ನು ಕೊಟ್ಟವನು ಮೊಕದ್ದಮೆಯ ಒಬ್ಬ ಕಕ್ಷಿದಾರ. ಇದನ್ನು ಹೇಳುವುದಕ್ಕೆ ಅವನ ಖಾಸಗಿ ಬದುಕನ್ನು ಕೆದಕಬೇಕಾಗಿಲ್ಲ. ಹಾಸಿಗೆಯ ಮೇಲಿನ ದೇಹ ಮತ್ತು ಚಿತ್ರದ ಹೆಸರು ಇವೆರಡನ್ನು ಜೊತೆಗಿಟ್ಟು ನೋಡಿದರೆ ಸಾಕು. 1886ರ ವಿಮರ್ಶಕರು ಅರ್ಧಕ್ಕೆ ಬಿಟ್ಟ ಕೆಲಸ ಎಂದು ಆಡಿದ ಮಾತು ತಪ್ಪಾಗಿದ್ದರೂ ಅದು ಚಿತ್ರದ ಬಗ್ಗೆ ಆಡಿದ ಮಾತಾಗಿತ್ತು, ಅದಕ್ಕೆ ಅವನು ಚಿತ್ರದಲ್ಲೇ ಉತ್ತರ ಕೊಡಬಲ್ಲವನಾದ. ಶಾರ್ಫೆನ್‌ಬರ್ಗ್‌ನ ಮಾತಿಗೆ ಮೂಲೆಯ ಆ ಪೆನ್ಸಿಲ್ ಸಾಲಿನ ಹೊರತು ಬೇರೆ ಉತ್ತರ ಸಾಧ್ಯವಿರಲಿಲ್ಲ, ಏಕೆಂದರೆ ಅದು ವಿಮರ್ಶೆಯೇ ಅಲ್ಲ. ಟುಲ್ಲಾಳ ವಿಷಯದಲ್ಲಿ ಏಳಬೇಕಾದ ಮೂರನೆಯ ಟೀಕೆಯನ್ನು ಮಾತ್ರ ಅವನು ಎದುರಿಸಲೇ ಇಲ್ಲ. ಇಬ್ಬರೂ ಒಂದೇ ಕ್ಯಾನ್‌ವಾಸಿನಲ್ಲಿದ್ದ ಜೋಡಿ ಭಾವಚಿತ್ರವನ್ನು ಅವನು ನಡುವೆ ಗರಗಸ ಹಾಕಿ ಎರಡು ತುಂಡು ಮಾಡಿದ. ಆ ತುಂಡುಗಳು ಇಂದು ಮುಂಕ್ ಮ್ಯೂಸಿಯಂನಲ್ಲಿವೆ. ಅದನ್ನೂ ಒಂದು ಉತ್ತರವೆಂದು ಹೊಗಳುವ ಬರಹಗಳನ್ನು ಓದಿದ್ದೇನೆ. ನನಗೆ ಅದು ಉತ್ತರ ಹೊಳೆಯದವನ ಕೆಲಸವಾಗಿ ಕಾಣುತ್ತದೆ, ಮತ್ತು ‘ಕಾಯಿಲೆಯ ಮಗು’ವನ್ನು ಆರು ಬಾರಿ ಬರೆಯುವಷ್ಟು ತಾಳ್ಮೆ ಇದ್ದವನು ಈ ಜಗಳವನ್ನು ಒಮ್ಮೆಯಾದರೂ ಅವಳ ಕಡೆ ನಿಂತು ಬರೆಯಬಹುದಿತ್ತು.